ಆನ್‌ಲೈನ್ ಕ್ಲಾಸಿಗೆ ಎಂಥ ಅಸೈನ್‌ಮೆಂಟ್ ಕೊಡುತ್ತೀರಿ? ನನಗೆ ಎಲ್ಲರಿಂದಲೂ ಒಂದೇ ಉತ್ತರ ಬರುತ್ತಿದೆ

ಶನಿವಾರದ_ಲೆಕ್ಚರರ್

ಎಲ್ಲರಿಗೂ ನಮಸ್ಕಾರ. ಕೆಲಸ ಮಾಡಿಕೊಂಡು ಬಿ.ಕಾಂ. ಓದುವವರಿಗೆ ನಾನು ಶನಿವಾರ, ಭಾನುವಾರ ಆನ್‌ಲೈನ್ ಕ್ಲಾಸ್ ತೆಗೆದುಕೊಳ್ಳುತ್ತೇನೆ. ಬಿಸಿನೆಸ್ ಸ್ಟ್ಯಾಟಿಸ್ಟಿಕ್ಸ್ ಮತ್ತು ಜಿಎಸ್‌ಟಿ ನನ್ನ ವಿಷಯ. ಬೀದರಿನಿಂದ ಹಿಡಿದು ಚಾಮರಾಜನಗರದವರೆಗೆ ಎಲ್ಲ ಕಡೆಯವರೂ ಇದ್ದಾರೆ.

"ಜಿಎಸ್‌ಟಿಯ ಲಕ್ಷಣಗಳನ್ನು ವಿವರಿಸಿ" ಅಂತ ಅಸೈನ್‌ಮೆಂಟ್ ಕೊಟ್ಟರೆ ಎಲ್ಲರದ್ದೂ ಒಂದೇ ಉತ್ತರ. ಅದೇ ಆರು ಪಾಯಿಂಟು, ಅದೇ ಮುಕ್ತಾಯದ ಸಾಲು. ಕೆಲವರು ಗೈಡಿನಿಂದ ಬರೆದಿರುತ್ತಾರೆ, ಕೆಲವರು ಎಐನಿಂದ. ಅವರನ್ನು ಬೈಯಬೇಕು ಅಂತ ನನಗೆ ಅನ್ನಿಸುತ್ತಿಲ್ಲ. ದಿನವಿಡೀ ದುಡಿದು ಬಂದವರಿಗೆ ಆ ಪ್ರಶ್ನೆಯಿಂದ ಏನು ಸಿಗುತ್ತದೆ ಅನ್ನುವುದೇ ನನ್ನ ಚಿಂತೆ.

ಆನ್‌ಲೈನ್ ಕ್ಲಾಸಿಗೇ ಹೊಂದುವಂಥ, ಮಾಡಿದವರಿಗೆ ನಿಜವಾಗಿ ಏನಾದರೂ ದಕ್ಕುವಂಥ ಚಟುವಟಿಕೆಗಳನ್ನು ನೀವು ಹೇಗೆ ಯೋಚಿಸುತ್ತೀರಿ? ಮಾಡಿ ನೋಡಿದ್ದನ್ನು ಹೇಳಿ, ದಯವಿಟ್ಟು.

ಹಳೇ_ಪ್ರಶ್ನೆಪತ್ರಿಕೆ

ಸರ್, ನಿಮ್ಮ ಯೂನಿವರ್ಸಿಟಿ ಪರೀಕ್ಷೆಯಲ್ಲಿ ಏನು ಕೇಳುತ್ತಾರೆ? "ಲಕ್ಷಣಗಳನ್ನು ವಿವರಿಸಿ" ಅಂತಲೇ ಅಲ್ವಾ? ಹಾಗಿದ್ದ ಮೇಲೆ ಅಸೈನ್‌ಮೆಂಟಿನಲ್ಲಿ ಅದನ್ನೇ ಬರೆಸುವುದು ನ್ಯಾಯ. ಬೇರೆ ಬೇರೆ ಆಟ ಆಡಿಸಿ, ಕೊನೆಗೆ ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆಗೆ ಮಕ್ಕಳು ಸುಮ್ನೆ ಕೂತರೆ ಯಾರು ಹೊಣೆ?

ಫಿಸಿಕ್ಸ್_ಮೇಡಂ

ಪರೀಕ್ಷೆಗೆ ತಯಾರಿ ಬೇಕು, ಒಪ್ಪಿದೆ. ಆದರೆ ನೋಟ್ಸ್ ನೋಡಿ ನಕಲು ಮಾಡಿದರೆ ಆ ತಯಾರಿಯೂ ಆಗುವುದಿಲ್ಲ. ರೋಡಿಗರ್ ಮತ್ತು ಕಾರ್ಪಿಕಿ ಅನ್ನುವವರು 2006ರಲ್ಲಿ ಮಾಡಿದ ಪ್ರಯೋಗ ನೋಡಿ. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಓದಿದ್ದನ್ನು ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ನೆನಪಿನಿಂದ ಬರೆದವರು ಮುಂದೆ.

ಹಾಗಾಗಿ ಪರೀಕ್ಷೆಯ ಪ್ರಶ್ನೆಗಳಿಗೆ ಚಿಕ್ಕ ಚಿಕ್ಕ ಕ್ವಿಜ್ ಸಾಕು. ಕ್ಲಾಸ್ ಶುರುವಾದ ಕೂಡಲೇ ಹಿಂದಿನ ವಾರದ ಮೂರು ಪ್ರಶ್ನೆ ಕೊಡಿ. ಪುಸ್ತಕ ಮುಚ್ಚಿ ಬರೆಯಲಿ, ಮಾರ್ಕ್ಸ್ ಬೇಡ. ಅಸೈನ್‌ಮೆಂಟನ್ನು ಬೇರೆ ಕೆಲಸಕ್ಕೆ ಉಳಿಸಿಕೊಳ್ಳಿ.

ಹಳೇ_ಪ್ರಶ್ನೆಪತ್ರಿಕೆ

ಮಾರ್ಕ್ಸ್ ಇಲ್ಲ ಅಂದರೆ ಯಾರೂ ಬರೆಯುವುದಿಲ್ಲ ಮೇಡಂ. ಕ್ಯಾಮೆರಾ ಆಫ್, ಮೈಕ್ ಮ್ಯೂಟ್.

ಫಿಸಿಕ್ಸ್_ಮೇಡಂ

ಬರೆದ ಕೂಡಲೇ ಉತ್ತರ ಹೇಳಿ, ಎಲ್ಲಿ ತಪ್ಪಾಯಿತು ಅಂತ ಎರಡು ನಿಮಿಷ ಮಾತಾಡಿದರೆ ಬರೆಯುತ್ತಾರೆ. ಮಾಡಿದ್ದಕ್ಕೆ ಆಗಲೇ ಪ್ರತಿಕ್ರಿಯೆ ಸಿಗುತ್ತದೆ ಅಂತ ಗೊತ್ತಾಗಬೇಕು ಅಷ್ಟೇ.

ಸಾಗರದ_ಮೇಷ್ಟ್ರು

ಲೆಕ್ಚರರ್ ಸರ್, ಇಷ್ಟು ದೂರದೂರದ ಊರಿನವರು ಒಂದೇ ಕ್ಲಾಸಿನಲ್ಲಿರುವುದು ನಿಮ್ಮ ದೊಡ್ಡ ಅನುಕೂಲ. ಕಾಲೇಜಿನ ಕೋಣೆಯಲ್ಲಿ ಅಂಥ ಕ್ಲಾಸ್ ಸಿಗುವುದೇ ಇಲ್ಲ. ಅದನ್ನು ಬಳಸಿಕೊಳ್ಳಿ.

ಸ್ಟ್ಯಾಟಿಸ್ಟಿಕ್ಸ್‌ಗೆ ನಾನು ಕೊಡುವ ಒಂದು ಕೆಲಸ ಹೇಳುತ್ತೇನೆ. ಕೃಷಿ ಮಾರಾಟ ವಾಹಿನಿ ವೆಬ್‌ಸೈಟಿನಲ್ಲಿ ಎಲ್ಲ ಎಪಿಎಂಸಿಗಳ ದರ ಸಿಗುತ್ತದೆ. ಆವಕ (ಮಾರುಕಟ್ಟೆಗೆ ಬಂದ ಮಾಲು) ಎಷ್ಟು, ಕನಿಷ್ಠ ಬೆಲೆ, ಗರಿಷ್ಠ ಬೆಲೆ, ಮೋಡಲ್ ಬೆಲೆ ಎಲ್ಲ ಇರುತ್ತದೆ. ಒಬ್ಬೊಬ್ಬರೂ ತಮ್ಮ ಹತ್ತಿರದ ಮಾರುಕಟ್ಟೆ, ತಮ್ಮ ಕಡೆಯ ಒಂದು ಬೆಳೆ ಆರಿಸಿಕೊಳ್ಳಬೇಕು. ಶಿವಮೊಗ್ಗದವರಿಗೆ ಅಡಿಕೆ, ಬ್ಯಾಡಗಿಯವರಿಗೆ ಮೆಣಸಿನಕಾಯಿ, ಕೋಲಾರದವರಿಗೆ ಟೊಮ್ಯಾಟೊ. ಎರಡು ವಾರದ ದರ ಬರೆದುಕೊಂಡು ಸರಾಸರಿ, ಮಧ್ಯಾಂಕ ತೆಗೆಯಬೇಕು. ಆಮೇಲೆ ಒಂದು ಪ್ರಶ್ನೆ: ಮಾರುಕಟ್ಟೆಯವರು ಸರಾಸರಿ ಹಾಕದೆ ಮೋಡಲ್ ಬೆಲೆ ಯಾಕೆ ಹಾಕುತ್ತಾರೆ?

ಬಹುಲಕ (ಮೋಡ್) ಅಂದರೆ ಏನು ಅಂತ ಹತ್ತು ಸಲ ಹೇಳಿದರೂ ತಲೆಗೆ ಹೋಗದವರು ಇಲ್ಲಿ ತಾವೇ ಹೇಳುತ್ತಾರೆ. ಒಬ್ಬ ರೈತನ ಒಳ್ಳೇ ಮಾಲಿಗೆ ಭಾರಿ ಬೆಲೆ ಬಂದರೆ ಸರಾಸರಿ ಮೇಲೇರುತ್ತದೆ. ಹೆಚ್ಚು ಮಾಲು ಯಾವ ಬೆಲೆಗೆ ಹೋಯಿತು ಅನ್ನುವುದು ಮಾರುವವನಿಗೆ ಮುಖ್ಯ.

ಅಡಿಕೆ_ತೋಟ

ಮೇಷ್ಟ್ರೇ, ಒಂದು ಎಚ್ಚರಿಕೆ. ಅಡಿಕೆ ಅಂತ ಸುಮ್ನೆ ಕೊಟ್ಟರೆ ಲೆಕ್ಕ ಕೆಡುತ್ತದೆ. ರಾಶಿ, ಬೆಟ್ಟೆ, ಗೊರಬಲು, ಸರಕು ಎಲ್ಲಕ್ಕೂ ಬೇರೆ ಬೇರೆ ದರ. ಗೊರಬಲು ಮತ್ತು ಸರಕು ಒಟ್ಟಿಗೆ ಹಾಕಿ ಸರಾಸರಿ ತೆಗೆದರೆ ಆ ಬೆಲೆಗೆ ಒಂದು ಕಾಳು ಅಡಿಕೆಯೂ ಮಾರಾಟ ಆಗಿರುವುದಿಲ್ಲ.

ಸಾಗರದ_ಮೇಷ್ಟ್ರು

ಹೌದು, ಹೌದು. ಆ ವಿಷಯ ಕ್ಲಾಸಿನಲ್ಲೇ ಎದ್ದು ಬರುತ್ತದೆ, ಅದಕ್ಕೇ ಮೊದಲೇ ಹೇಳುವುದಿಲ್ಲ. ತೋಟದ ಮನೆಯ ಮಕ್ಕಳು ಉಳಿದವರನ್ನು ತಿದ್ದುತ್ತಾರೆ. ಮಿಶ್ರ ಮಾಲಿನ ಸರಾಸರಿಗೆ ಯಾಕೆ ಅರ್ಥವಿಲ್ಲ ಅನ್ನುವುದು ಸಿಲಬಸ್ಸಿನಲ್ಲೇ ಇರುವ ಪಾಠ.

ಅಡಿಕೆ_ತೋಟ

ಹಾಗಾದರೆ ಸರಿ. ನಮ್ಮ ಕಾಲದಲ್ಲಿ ಇಂಥ ಲೆಕ್ಕ ಕೊಟ್ಟಿದ್ದರೆ ನಾನೂ ಡಿಗ್ರಿ ಮುಗಿಸುತ್ತಿದ್ದೆನೇನೋ. ಈ ವರ್ಷ ಕೊಳೆರೋಗಕ್ಕೆ ಎಷ್ಟು ಸಲ ಬೋರ್ಡೋ ಹೊಡೆಸಿದಿರಿ ನಿಮ್ಮ ಕಡೆ?

ಸಾಗರದ_ಮೇಷ್ಟ್ರು

ಅದನ್ನು ಬೇರೆ ಕಡೆ ಮಾತಾಡೋಣ, ಇಲ್ಲಿ ಶುರು ಮಾಡಿದರೆ ಮುಗಿಯುವುದಿಲ್ಲ.

ರಾತ್ರಿ_ಪಾಳಿ

ನಾನು ವಿದ್ಯಾರ್ಥಿ. ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುತ್ತಾ ಆನ್‌ಲೈನಿನಲ್ಲಿ ಡಿಗ್ರಿ ಓದುತ್ತಿದ್ದೇನೆ. ನಮ್ಮ ಕಡೆಯಿಂದಲೂ ಕೇಳಿ.

ನಾಲ್ಕು ವಿಷಯದ ನಾಲ್ಕು ಅಸೈನ್‌ಮೆಂಟಿಗೂ ಭಾನುವಾರ ರಾತ್ರಿ 11:59 ಕೊನೆಯ ಗಡುವು. ಅಂಗಡಿ ಮುಚ್ಚಿ ಮನೆಗೆ ಬರುವುದೇ ಹತ್ತು ಗಂಟೆಗೆ. ಆಗ ಕೂತು ಬರೆಯುವುದು ಅಂದರೆ ನಕಲು ಮಾಡುವುದೇ ಆಗುತ್ತದೆ. ಕಳಿಸಿದ ಮೇಲೆ ಅದು ಏನಾಯಿತು ಅಂತಲೂ ಗೊತ್ತಾಗುವುದಿಲ್ಲ. "ಟರ್ನ್ಡ್ ಇನ್" ಅಂತ ಬರುತ್ತದೆ, ಸೆಮಿಸ್ಟರ್ ಕೊನೆಗೆ ಹತ್ತಕ್ಕೆ ಎಂಟು ಬಂದಿರುತ್ತದೆ. ಆ ಎರಡು ಅಂಕ ಎಲ್ಲಿ ಹೋಯಿತು ಅಂತ ಯಾರೂ ಹೇಳಿಲ್ಲ.

ಯಾಕೆ ಕೊಟ್ಟಿದ್ದೀರಿ ಅಂತ ಒಂದು ಸಾಲು ಬರೆಯಿರಿ. ಅಷ್ಟು ಬರೆದರೂ ನಮಗೆ ಮಾಡಬೇಕು ಅನ್ನಿಸುತ್ತದೆ.

ಸುಮ್ನೆ_ಓದೋಳು

11:59 ಬಗ್ಗೆ ಹೇಳಿದ್ದಕ್ಕೆ ಧನ್ಯವಾದ. ಮಂಗಳವಾರ ಅಥವಾ ಬುಧವಾರ ಗಡುವು ಇಟ್ಟರೆ ಆಕಾಶ ಬೀಳುತ್ತದಾ?

ಮೂಡಲ್_ಅಡ್ಮಿನ್

ರಾತ್ರಿ ಪಾಳಿಯವರು ಹೇಳಿದ "ಒಂದು ಸಾಲು" ಬಹಳ ದೊಡ್ಡ ವಿಷಯ. ಅಮೆರಿಕದಲ್ಲಿ ಮೇರಿ ಆ್ಯನ್ ವಿಂಕಲ್ಮಸ್ ಅನ್ನುವವರು ಇದನ್ನೇ ಮೂರು ಭಾಗ ಮಾಡಿ ಹೇಳಿದ್ದಾರೆ. ಯಾಕೆ ಮಾಡಬೇಕು, ಏನು ಮಾಡಬೇಕು, ಹೇಗಿದ್ದರೆ ಚೆನ್ನಾಗಿದೆ ಅಂತ ಒಪ್ಪುತ್ತೇವೆ. ಇವು ಮೂರೂ ಪ್ರಶ್ನೆಯ ಜೊತೆಗೇ ಇರಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಎರಡನೆಯದು ಮಾತ್ರ ಇರುತ್ತದೆ, ಅದೂ ಅರ್ಧ. ತರಗತಿಯಲ್ಲಾದರೆ ಎದ್ದು ನಿಂತು "ಸರ್, ಎಷ್ಟು ಪುಟ?" ಅಂತ ಕೇಳಬಹುದು. ಆನ್‌ಲೈನಿನಲ್ಲಿ ಕೇಳಲು ಹಿಂಜರಿಯುತ್ತಾರೆ, ತಮಗೆ ತೋಚಿದ್ದನ್ನು ಕಳಿಸಿಬಿಡುತ್ತಾರೆ.

ನಾನು ಕಾಲೇಜೊಂದರಲ್ಲಿ ಮೂಡಲ್ ಅನ್ನುವ ಆನ್‌ಲೈನ್ ಕ್ಲಾಸಿನ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಸರ್ವರಿನಲ್ಲಿ ಕಾಣುವುದು ಏನೆಂದರೆ, ದೊಡ್ಡ ಅಸೈನ್‌ಮೆಂಟಿನ ಪುಟವನ್ನು ಹೆಚ್ಚಿನವರು ಮೊದಲ ಸಲ ತೆರೆಯುವುದೇ ಗಡುವಿನ ದಿನ. ಅದನ್ನೇ ಮೂರು ತುಂಡು ಮಾಡಿದರೆ ಬೇಗ ಶುರು ಮಾಡುತ್ತಾರೆ. ಮೊದಲ ವಾರ ಡೇಟಾ ಮಾತ್ರ ಕಳಿಸಿ. ಎರಡನೇ ವಾರ ಲೆಕ್ಕ. ಮೂರನೇ ವಾರ ಅರ್ಧ ಪುಟ ವಿವರಣೆ.

ಹಳೇ_ಪ್ರಶ್ನೆಪತ್ರಿಕೆ

ಮೂರು ತುಂಡು ಅಂದರೆ ಮೂರು ಸಲ ತಿದ್ದಬೇಕು. ನನ್ನ ಒಂದು ಸೆಕ್ಷನ್ನಿನಲ್ಲೇ ನೂರರ ಮೇಲೆ ಇದ್ದಾರೆ. ಇದರ ಜೊತೆಗೆ ಅಡ್ಮಿಷನ್ ಕೆಲಸ, ನ್ಯಾಕ್ ಫೈಲು, ಎಲೆಕ್ಷನ್ ಡ್ಯೂಟಿ. ಹೇಳುವುದು ಸುಲಭ.

ಮೂಡಲ್_ಅಡ್ಮಿನ್

ನೀವು ಹೇಳುವ ಹೊರೆ ನಿಜ, ಅದನ್ನು ಕಡೆಗಣಿಸುತ್ತಿಲ್ಲ. ಅದಕ್ಕೇ ಮೊದಲ ಎರಡು ತುಂಡಿಗೆ ಬಂದಿದೆ, ಬಂದಿಲ್ಲ ಅಂತ ಮಾತ್ರ ಗುರುತು ಹಾಕಿ. ಕೂತು ಓದುವುದು ಮೂರನೆಯದು ಮಾತ್ರ. ಅದರಲ್ಲೂ ಪ್ರತಿಯೊಬ್ಬರಿಗೂ ಉದ್ದುದ್ದ ಬರೆಯಬೇಕಾಗಿಲ್ಲ. ಹತ್ತಿಪ್ಪತ್ತು ಓದಿದ ಕೂಡಲೇ ಎಲ್ಲರೂ ಎಲ್ಲಿ ಎಡವಿದ್ದಾರೆ ಅಂತ ಗೊತ್ತಾಗುತ್ತದೆ. ಹೆಸರು ತೆಗೆದು ಮೂರು ಉತ್ತರವನ್ನು ಸ್ಕ್ರೀನ್ ಶೇರ್ ಮಾಡಿ, ಕ್ಲಾಸಿನಲ್ಲೇ ಹದಿನೈದು ನಿಮಿಷ ಮಾತಾಡಿ. ನೂರು ಜನಕ್ಕೂ ಒಟ್ಟಿಗೆ ಉತ್ತರ ಸಿಕ್ಕ ಹಾಗಾಯಿತು.

ನಲಿಕಲಿ_ಟೀಚರ್

ದೊಡ್ಡವರ ಮಾತಿನ ಮಧ್ಯೆ ಚಿಕ್ಕ ಮಕ್ಕಳ ವಿಷಯವನ್ನೂ ಹೇಳುತ್ತೇನೆ. ಕೋವಿಡ್ ಕಾಲದಲ್ಲಿ ನಮ್ಮದು ಯಾದಗಿರಿ ಕಡೆಯ ಹಳ್ಳಿ ಶಾಲೆ. ಫೋನ್ ಇದ್ದದ್ದು ಅಪ್ಪನ ಹತ್ತಿರ. ಅಪ್ಪ ಬೆಳಗ್ಗೆ ಕೂಲಿಗೆ ಹೋದರೆ ಫೋನೂ ಹೋಯಿತು. 2020ರ ಜುಲೈನಲ್ಲಿ ಕೇಂದ್ರದವರು ಪ್ರಜ್ಞಾತಾ ಅಂತ ಮಾರ್ಗಸೂಚಿ ಕೊಟ್ಟರು. ಒಂದರಿಂದ ಎಂಟನೇ ತರಗತಿಗೆ ದಿನಕ್ಕೆ ಎರಡೇ ಆನ್‌ಲೈನ್ ಅವಧಿ, ಒಂದೊಂದೂ 30ರಿಂದ 45 ನಿಮಿಷ ಅಂತ ಅದರಲ್ಲಿತ್ತು. ನಮ್ಮ ಮಕ್ಕಳಿಗೆ ಅಷ್ಟೂ ಸಿಗುತ್ತಿರಲಿಲ್ಲ. ಚಂದನದಲ್ಲಿ ಸಂವೇದ ಪಾಠ ಬಂತು, ಅದು ಹೈಸ್ಕೂಲಿನವರಿಗೆ ತುಂಬಾ ಅನುಕೂಲ ಆಯಿತು. ಆಗಸ್ಟಿನಲ್ಲಿ ವಿದ್ಯಾಗಮ ಶುರುವಾದ ಮೇಲೆ ಗುಡಿಯ ಕಟ್ಟೆ, ಮರದ ನೆರಳಿನಲ್ಲಿ ಮಕ್ಕಳನ್ನು ಕೂರಿಸಿಕೊಂಡೆವು. ಅಕ್ಟೋಬರಿನಲ್ಲಿ ಅದನ್ನೂ ನಿಲ್ಲಿಸಿದರು.

ಆಗ ನಾವು ರಾತ್ರಿ ಎಂಟರ ಮೇಲೆ ವಾಟ್ಸಾಪಿನಲ್ಲಿ ಒಂದು ನಿಮಿಷದ ವಾಯ್ಸ್ ನೋಟ್ ಕಳಿಸುತ್ತಿದ್ದೆವು. "ಮನೆಯಲ್ಲಿರುವ ಕಾಳುಗಳನ್ನು ಹತ್ತು ಹತ್ತರ ಗುಂಪು ಮಾಡು. ಎಷ್ಟು ಗುಂಪು, ಎಷ್ಟು ಉಳಿಯಿತು ಅಂತ ನಿನ್ನ ದನಿಯಲ್ಲೇ ಹೇಳಿ ಕಳಿಸು." ಮಗು ಮಾರನೇ ದಿನ ಯಾವಾಗ ಬೇಕಾದರೂ ಮಾಡಬಹುದು. ಡೇಟಾ ಖರ್ಚು ಬಹಳ ಕಡಿಮೆ. ಮುಖ್ಯವಾಗಿ ಅಕ್ಕನೋ ಅಮ್ಮನೋ ಬರೆದು ಕೊಡಲು ಆಗುವುದಿಲ್ಲ. ದನಿ ಮಗುವಿನದ್ದೇ ಇರಬೇಕಲ್ಲ. ಹತ್ತು, ಬಿಡಿ ಅನ್ನುವುದು ತಿಳಿದಿದೆಯಾ ಇಲ್ಲವಾ ಅಂತ ಆ ದನಿಯಲ್ಲೇ ಗೊತ್ತಾಗುತ್ತಿತ್ತು.

ಪಾಠ ನೇರ ನಡೆಯಲೇಬೇಕು ಅಂತ ಹಟ ಹಿಡಿದವರ ಕ್ಲಾಸಿನಲ್ಲಿ ಫೋನ್ ಇದ್ದ ಮಕ್ಕಳು ಮಾತ್ರ ಉಳಿದರು. ಇದನ್ನು ಮರೆಯಬಾರದು.

ಕನ್ನಡ_ಶಾಲೆ_ಜರ್ಸಿ

ವಾಯ್ಸ್ ನೋಟ್‌ಗೆ ನನ್ನದೂ ಒಂದು ಓಟು ಟೀಚರ್. ನಾನು ನ್ಯೂಜೆರ್ಸಿಯಲ್ಲಿ ಭಾನುವಾರ ಬೆಳಗ್ಗೆ ಜೂಮಿನಲ್ಲಿ ಕನ್ನಡ ಕಲಿಸುತ್ತೇನೆ. ವರ್ಕ್‌ಶೀಟ್ ಕೊಟ್ಟರೆ ಅಪ್ಪ ಅಮ್ಮನೇ ತುಂಬಿಸಿ ಕಳಿಸುತ್ತಾರೆ. ಅದರ ಬದಲು "ಊರಲ್ಲಿರುವ ಅಜ್ಜಿಗೆ ಫೋನ್ ಮಾಡಿ, ಅವರು ಚಿಕ್ಕವರಿದ್ದಾಗ ಆಡುತ್ತಿದ್ದ ಆಟ ಕೇಳು. ಮುಂದಿನ ಕ್ಲಾಸಿನಲ್ಲಿ ನಮಗೆ ಆ ಆಟದ ನಿಯಮ ಹೇಳಿಕೊಡು" ಅಂತ ಕೊಟ್ಟೆ. ಚೌಕಾಬಾರಾ, ಅಳಗುಳಿಮಣೆ, ಕುಂಟೆಬಿಲ್ಲೆ ಎಲ್ಲ ಬಂದವು. ಒಬ್ಬ ಹುಡುಗ ಹೇಳಿದ ನಿಯಮ ಅರ್ಥವಾಗದೆ ಉಳಿದವರು ಕನ್ನಡದಲ್ಲೇ ಪ್ರಶ್ನೆ ಕೇಳಲು ಶುರು ಮಾಡಿದರು. ಕೇಳಬೇಕಾದ ಅಗತ್ಯ ಇತ್ತು, ಅದಕ್ಕೆ ಕೇಳಿದರು.

ಆದರೆ ಅಜ್ಜಿ ಇಲ್ಲದ ಮಕ್ಕಳಿಗೆ ಬೇಸರ ಆಗಬಾರದು. ಪಕ್ಕದ ಮನೆ ಆಂಟಿ, ಅಪ್ಪನ ಸ್ನೇಹಿತರು ಯಾರಾದರೂ ಸರಿ ಅಂತ ಮೊದಲೇ ಹೇಳಬೇಕು.

ಫಿಸಿಕ್ಸ್_ಮೇಡಂ

ಮೇಷ್ಟ್ರು ಹೇಳಿದ "ಬೇರೆ ಬೇರೆ ಊರು" ವಿಷಯಕ್ಕೆ ವಾಪಸ್ ಬರುತ್ತೇನೆ. ನನಗೆ ಅದು ತುಂಬಾ ಇಷ್ಟವಾದ ಮಾತು.

ನಾನು ಕೊಡುವ ಚಟುವಟಿಕೆ ಇದು. ಎಲ್ಲರೂ ಒಂದೇ ದಿನ, 30 ಸೆಂಟಿಮೀಟರಿನ ಕೋಲನ್ನು ನೆಟ್ಟಗೆ ನಿಲ್ಲಿಸಬೇಕು. ಮಧ್ಯಾಹ್ನ 12ರಿಂದ 12:50ರವರೆಗೆ ಐದೈದು ನಿಮಿಷಕ್ಕೆ ನೆರಳು ಅಳೆಯಬೇಕು. ನೆರಳು ಅತಿ ಚಿಕ್ಕದಾದ ಸಮಯ ಮತ್ತು ಆಗಿನ ಉದ್ದ, ಈ ಎರಡು ಸಂಖ್ಯೆಯನ್ನು ಹಂಚಿಕೊಂಡ ಒಂದೇ ಶೀಟಿನಲ್ಲಿ ಹಾಕಬೇಕು. ಕೋಲು, ಸ್ಕೇಲು ಸಾಕು. ಆ ಹೊತ್ತಿನಲ್ಲಿ ನೆಟ್ ಕೂಡ ಬೇಡ.

ಸಂಜೆ ಕ್ಲಾಸಿನಲ್ಲಿ ಶೀಟ್ ತೆರೆದರೆ ಎರಡು ವಿಷಯ ಕಾಣುತ್ತದೆ. ಬೆಂಗಳೂರು, ಮಂಗಳೂರು ಎರಡೂ ಹೆಚ್ಚು ಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಹಾಗಾಗಿ ನೆರಳಿನ ಉದ್ದ ಒಂದೇ. ಆದರೆ ಮಂಗಳೂರಿನವರಿಗೆ ಚಿಕ್ಕ ನೆರಳು ಸುಮಾರು 11 ನಿಮಿಷ ತಡವಾಗಿ ಬರುತ್ತದೆ. ನಮ್ಮ ಗಡಿಯಾರ ಒಂದೇ ಆದರೂ ಸೂರ್ಯನ ಮಧ್ಯಾಹ್ನ ಬೇರೆ ಅಂತ ಮಕ್ಕಳು ಕಣ್ಣಾರೆ ನೋಡುತ್ತಾರೆ. ಇನ್ನು ಮೈಸೂರು ಮತ್ತು ಬೀದರ್ ಹೋಲಿಸಿದರೆ ಉದ್ದವೇ ಬೇರೆ. ಆ ನೆರಳಿನಿಂದ ಕೋನ ತೆಗೆದು, ಎರಡು ಊರಿನ ಅಂತರ ಹಾಕಿದರೆ ಭೂಮಿಯ ಸುತ್ತಳತೆಗೇ ಹೋಗಬಹುದು.

ಒಂದೇ ಊರಿನ ಕಾಲೇಜಿನಲ್ಲಿ ಇದನ್ನು ಮಾಡಲು ಸಾಧ್ಯವೇ ಇಲ್ಲ. ಒಬ್ಬರು ಡೇಟಾ ಹಾಕದಿದ್ದರೆ ಆ ಊರು ನಕ್ಷೆಯಲ್ಲಿ ಖಾಲಿ. ಅದಕ್ಕೇ ಹಾಕುತ್ತಾರೆ.

ಸಾಗರದ_ಮೇಷ್ಟ್ರು

ಮೇಡಂ, ಬಹಳ ಚೆನ್ನಾಗಿದೆ. ಅಂತರ ಅಂದರೆ ರಸ್ತೆಯ ಕಿಲೋಮೀಟರ್ ಹಾಕಿಬಿಡುತ್ತಾರೆ, ನೋಡಿಕೊಳ್ಳಿ.

ಫಿಸಿಕ್ಸ್_ಮೇಡಂ

ಹೌದು, ಮ್ಯಾಪಿನಲ್ಲಿ ನೇರ ಗೆರೆ ಅಳೆಯಬೇಕು, ಅದೂ ಉತ್ತರ-ದಕ್ಷಿಣವಾಗಿ. ಬೀದರ್, ಮೈಸೂರು ಹೆಚ್ಚು ಕಡಿಮೆ ಒಂದರ ಮೇಲೊಂದು ಇರುವುದರಿಂದ ಅನುಕೂಲ. ಸುಮಾರು ಐದೂವರೆ ಡಿಗ್ರಿ ವ್ಯತ್ಯಾಸ ಬರುತ್ತದೆ. ಒಂದು ಡಿಗ್ರಿಗೆ 111 ಕಿಲೋಮೀಟರ್.

ಹಳೇ_ಪ್ರಶ್ನೆಪತ್ರಿಕೆ

ಇದೆಲ್ಲ ಸರಿ, ಆದರೆ ನೆರಳಿನ ಅಳತೆಯನ್ನೂ ಎಐ ಬರೆದು ಕೊಡುತ್ತದೆ. ಕೈಬರಹ ಕಡ್ಡಾಯ ಮಾಡಿ, ಇಲ್ಲವೇ ಎಐ ಪತ್ತೆ ಮಾಡುವ ಸಾಫ್ಟ್‌ವೇರ್ ಹಾಕಿ. ಬೇರೆ ದಾರಿ ಇಲ್ಲ.

ಮೂಡಲ್_ಅಡ್ಮಿನ್

ಪತ್ತೆ ಮಾಡುವ ಸಾಫ್ಟ್‌ವೇರ್ ನಂಬಿ ಯಾರಿಗೂ ಸೊನ್ನೆ ಹಾಕಬೇಡಿ ಸರ್, ದಯವಿಟ್ಟು. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ಅಂಥ ಒಂದು ಸಾಧನವನ್ನು 2023ರ ಜನವರಿಯಲ್ಲಿ ಬಿಟ್ಟಿತ್ತು. ನಿಖರತೆ ಸಾಲದು ಅಂತ ಅದೇ ವರ್ಷ ಜುಲೈನಲ್ಲಿ ವಾಪಸ್ ತೆಗೆದುಕೊಂಡಿತು. ಮಾಡಿದವರಿಗೇ ಆಗದ್ದು.

ರಾತ್ರಿ_ಪಾಳಿ

ಕೈಬರಹ ಕಡ್ಡಾಯ ಮಾಡಿದರೆ ಫೋನ್ ನೋಡಿ ಕೈಯಲ್ಲಿ ಬರೆಯುತ್ತೇವೆ ಸರ್. ನಿದ್ದೆ ಕಡಿಮೆ ಆಗುತ್ತದೆ, ಕಲಿಕೆ ಜಾಸ್ತಿ ಆಗುವುದಿಲ್ಲ.

ತೆರೆ_ಓದುಗ

ಕೈಬರಹದ ವಿಷಯ ಬಂತು ಅಂತ ಹೇಳುತ್ತಿದ್ದೇನೆ. ನನಗೆ ಕಣ್ಣು ಕಾಣುವುದಿಲ್ಲ. ಸ್ಕ್ರೀನ್ ರೀಡರ್ ಕೇಳಿಸಿಕೊಂಡು ಎಂ.ಎ. ಓದುತ್ತಿದ್ದೇನೆ. ಪುಸ್ತಕದ ಪುಟದ ಫೋಟೋ ತೆಗೆದು ಪಿಡಿಎಫ್ ಮಾಡಿ ಹಾಕಿದರೆ ನನಗೆ ಅದು ಖಾಲಿ ಹಾಳೆ. ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಕಡತವೂ ಅಷ್ಟೇ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಓದುತ್ತದೆ. ಯೂನಿಕೋಡಿನಲ್ಲಿ ಟೈಪ್ ಮಾಡಿ. ಚಿತ್ರ ಹಾಕಿದರೆ ಕೆಳಗೆ ಎರಡು ಸಾಲಿನಲ್ಲಿ ಏನಿದೆ ಅಂತ ಬರೆಯಿರಿ.

ಎಲ್ಲ ಚಟುವಟಿಕೆಯಲ್ಲೂ "ಬರೆದು ಅಥವಾ ಮಾತಾಡಿ ಕಳಿಸಬಹುದು" ಅಂತ ಆಯ್ಕೆ ಕೊಟ್ಟರೆ ನನಗೆ ಬೇರೆ ಅಸೈನ್‌ಮೆಂಟ್ ಕೇಳುವ ಸಂಕೋಚ ಇರುವುದಿಲ್ಲ.

ಸುಮ್ನೆ_ಓದೋಳು

ಯೂನಿಕೋಡ್ ವಿಷಯಕ್ಕೆ ನೂರು ಸಲ ಹೌದು. ನುಡಿ ಕಡತ ನನ್ನ ಫೋನಿನಲ್ಲೂ ತೆರೆಯುವುದಿಲ್ಲ, ಕಣ್ಣಿದ್ದೂ ಓದಲು ಆಗುವುದಿಲ್ಲ.

ಕನ್ನಡ_ಶಾಲೆ_ಜರ್ಸಿ

ಟೈಪ್ ಮಾಡಲು ಕಷ್ಟವಾದರೆ ಫೋನಿನ ಜಿಬೋರ್ಡಿನಲ್ಲಿ ಮೈಕ್ ಒತ್ತಿ ಕನ್ನಡದಲ್ಲೇ ಮಾತಾಡಿ. ಯೂನಿಕೋಡಿನಲ್ಲೇ ಬರುತ್ತದೆ. ಒತ್ತಕ್ಷರ ಒಂದೆರಡು ಕಡೆ ತಪ್ಪುತ್ತದೆ, ತಿದ್ದಿಕೊಂಡರಾಯಿತು.

ಹಳೇ_ಪ್ರಶ್ನೆಪತ್ರಿಕೆ

ನುಡಿ ಬೈಯಬೇಡಿ. ಈಗಿನ ನುಡಿಯಲ್ಲಿ ಯೂನಿಕೋಡೂ ಇದೆ, ಆಯ್ಕೆ ಬದಲಿಸಿಕೊಳ್ಳಬೇಕು ಅಷ್ಟೇ.

ಇರಲಿ. ಎಐ ಪ್ರಶ್ನೆಗೆ ಇನ್ನೂ ಯಾರೂ ನೇರ ಉತ್ತರ ಕೊಟ್ಟಿಲ್ಲ.

ಸಾಗರದ_ಮೇಷ್ಟ್ರು

ಕೊಡುತ್ತೇನೆ. ಎರಡು ನಿಮಿಷ ಮಾತಾಡಿಸಿ. ಎಲ್ಲರನ್ನೂ ಅಲ್ಲ, ಪ್ರತಿ ವಾರ ಚೀಟಿ ಎತ್ತಿ ಐದಾರು ಜನರನ್ನು. "ಹದಿಮೂರನೇ ತಾರೀಖು ದರ ಯಾಕೆ ಬಿದ್ದಿದೆ?" ಅಂತ ಕೇಳಿದರೆ ತಾನೇ ನೋಡಿದವನು "ಅವತ್ತು ಆವಕ ಜಾಸ್ತಿ ಇತ್ತು ಸರ್" ಅನ್ನುತ್ತಾನೆ. ನೋಡದವನು ಸುಮ್ಮನಾಗುತ್ತಾನೆ. ತನ್ನ ಹೆಸರು ಯಾವ ವಾರ ಬರುತ್ತದೋ ಗೊತ್ತಿಲ್ಲದ ಕಾರಣ ಎಲ್ಲರೂ ಓದಿಕೊಂಡು ಬರುತ್ತಾರೆ.

ಇನ್ನೊಂದು ಮಾತು. ಕೃಷಿ ಮಾರಾಟ ವಾಹಿನಿಯ ದರ ಎಲ್ಲರಿಗೂ ಕಾಣುತ್ತದೆ, ಸುಳ್ಳು ಬರೆದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಕೆಆರ್‌ಎಸ್ ಅಣೆಕಟ್ಟಿನ ದಿನದ ಮಟ್ಟವೂ ಅಂಥದ್ದೇ. 2023ರ ಬರಗಾಲದ ಮಳೆಗಾಲ, 2024ರ ಮಳೆಗಾಲ, ಎರಡರ ಗ್ರಾಫ್ ಪಕ್ಕಪಕ್ಕ ಇಟ್ಟರೆ ಯಾರೂ ವಿವರಿಸಬೇಕಾಗಿಲ್ಲ. ಒಂದು ವರ್ಷ ಗೆರೆ 124 ಅಡಿಗೆ ಹೋಗಿ ಮುಟ್ಟುತ್ತದೆ, ಇನ್ನೊಂದು ವರ್ಷ ಕೆಳಗೇ ಉಳಿಯುತ್ತದೆ.

ಸುಮ್ನೆ_ಓದೋಳು

ಮಂಡ್ಯದವಳು ನಾನು, ತಿದ್ದಲೇಬೇಕು. 124.80 ಅಡಿ.

ಸಾಗರದ_ಮೇಷ್ಟ್ರು

124.80, ಸರಿ. ಮಂಡ್ಯದವರ ಮುಂದೆ ಕಾವೇರಿ ಲೆಕ್ಕ ತಪ್ಪಬಾರದು.

ಶನಿವಾರದ_ಲೆಕ್ಚರರ್

ಇಷ್ಟೊಂದು ಉತ್ತರ ಬಂದಿದ್ದಕ್ಕೆ ತುಂಬಾ ಖುಷಿಯಾಯಿತು. ಇನ್ನೊಂದು ಕೇಳುತ್ತೇನೆ. ಡಿಸ್ಕಷನ್ ಫೋರಮ್ ಬಳಸಿ ಅಂತ ನಮಗೆ ಸೂಚನೆ ಇದೆ. ಒಬ್ಬೊಬ್ಬರೂ ಒಂದು ಪೋಸ್ಟ್, ಇಬ್ಬರಿಗೆ ರಿಪ್ಲೈ. ಬರುವುದೆಲ್ಲ "ಚೆನ್ನಾಗಿ ಬರೆದಿದ್ದೀರಿ, ನಾನೂ ಒಪ್ಪುತ್ತೇನೆ". ಇದರಿಂದ ಏನಾದರೂ ಪ್ರಯೋಜನ ಇದೆಯಾ?

ಮೂಡಲ್_ಅಡ್ಮಿನ್

ಪ್ರಶ್ನೆ ಚರ್ಚೆಗೆ ಯೋಗ್ಯವಾಗಿದ್ದರೆ ಇದೆ. "ಜಿಎಸ್‌ಟಿ ಅಂದರೇನು" ಅನ್ನುವುದಕ್ಕೆ ಚರ್ಚೆ ಏನಿದೆ? ಒಂದೇ ಉತ್ತರ ಇರುವ ಪ್ರಶ್ನೆಯನ್ನು ಫೋರಮ್ಮಿಗೆ ಹಾಕಬಾರದು. ಮೂಡಲಿನಲ್ಲಿ ಪ್ರಶ್ನೋತ್ತರ ಅನ್ನುವ ಒಂದು ಬಗೆಯ ಫೋರಮ್ ಇದೆ. ಅದರಲ್ಲಿ ತನ್ನ ಉತ್ತರ ಹಾಕುವವರೆಗೂ ಬೇರೆಯವರದ್ದು ಕಾಣುವುದಿಲ್ಲ. ಮೊದಲು ಇದನ್ನು ಆರಿಸಿ. ಆಮೇಲೆ ರಿಪ್ಲೈಗೆ ನಿಜವಾದ ಕೆಲಸ ಕೊಡಿ. "ನಿಮ್ಮ ಲೆಕ್ಕಕ್ಕಿಂತ ಬೇರೆ ಉತ್ತರ ಬಂದವರೊಬ್ಬರನ್ನು ಹುಡುಕಿ. ವ್ಯತ್ಯಾಸ ಎಲ್ಲಿ ಶುರುವಾಯಿತು ಅಂತ ಪತ್ತೆ ಮಾಡಿ." ಆಗ ಒಪ್ಪುತ್ತೇನೆ ಅಂತ ಬರೆಯಲು ಜಾಗವೇ ಇಲ್ಲ.

ಫಿಸಿಕ್ಸ್_ಮೇಡಂ

ಬ್ರೇಕೌಟ್ ರೂಮಿಗೂ (ಆನ್‌ಲೈನ್ ಕ್ಲಾಸಿನೊಳಗೆ ಮಾಡುವ ಚಿಕ್ಕ ಗುಂಪು) ಇದೇ ಮಾತು. "ಹೋಗಿ ಚರ್ಚೆ ಮಾಡಿ" ಅಂದರೆ ನಾಲ್ವರೂ ಮೌನ. "ಆರು ನಿಮಿಷ, ಕೊನೆಗೆ ಒಂದು ಸಂಖ್ಯೆ ಮತ್ತು ಅದಕ್ಕೆ ಒಂದು ಕಾರಣ ತಂದು ಚಾಟಿನಲ್ಲಿ ಹಾಕಿ" ಅಂದರೆ ಮಾತಾಡುತ್ತಾರೆ.

ಮೊದಲು ಎಲ್ಲರೂ ಒಟ್ಟಿಗೆ ಬರೆಯುವ ಜಾಮ್‌ಬೋರ್ಡ್ ಅನ್ನುವ ಆನ್‌ಲೈನ್ ಬೋರ್ಡ್ ಇತ್ತು, 2024ರ ಕೊನೆಗೆ ಗೂಗಲ್ ಅದನ್ನು ಮುಚ್ಚಿತು. ಅದಕ್ಕೇ ಒಂದೇ ಆ್ಯಪ್ ನಂಬಿ ಚಟುವಟಿಕೆ ಕಟ್ಟಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಹಂಚಿಕೊಂಡ ಸ್ಲೈಡೋ ಶೀಟೋ ಸಾಕು.

ಹಳೇ_ಪ್ರಶ್ನೆಪತ್ರಿಕೆ

ಐಐಟಿಗಳು ನಡೆಸುವ ಎನ್‌ಪಿಟಿಇಎಲ್ ಆನ್‌ಲೈನ್ ಕೋರ್ಸುಗಳಲ್ಲಿ ಹೆಚ್ಚಾಗಿ ಬಹು ಆಯ್ಕೆ ಪ್ರಶ್ನೆ ಕೊಟ್ಟು ದೇಶಕ್ಕೇ ಪಾಠ ಮಾಡುತ್ತಿಲ್ಲವೇ? 12 ವಾರದ ಕೋರ್ಸಿನಲ್ಲಿ ಉತ್ತಮವಾದ 8 ಅಸೈನ್‌ಮೆಂಟಿನ ಸರಾಸರಿಗೆ 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಸರಳ. ನೆರಳೂ ಬೇಡ, ಅಜ್ಜಿಯೂ ಬೇಡ.

ಮೂಡಲ್_ಅಡ್ಮಿನ್

ಅಲ್ಲಿ ಒಂದೊಂದು ಕೋರ್ಸಿಗೆ ಸಾವಿರಾರು ಜನ ಇರುತ್ತಾರೆ, ಬೇರೆ ದಾರಿ ಇಲ್ಲ. ನಿಮಗೆ ನೂರು ಜನ ಇದ್ದಾರೆ, ಹೆಸರು ಗೊತ್ತಿದೆ, ಊರು ಗೊತ್ತಿದೆ. ಆದರೆ 12ರಲ್ಲಿ ಉತ್ತಮವಾದ 8 ಅನ್ನುವ ನಿಯಮ ಮಾತ್ರ ನಾವೂ ತೆಗೆದುಕೊಳ್ಳಬೇಕು. ಮನೆಯಲ್ಲಿ ಮದುವೆ, ಜ್ವರ, ಓವರ್‌ಟೈಮ್ ಎಲ್ಲ ಇರುತ್ತದೆ. ಒಂದೆರಡು ವಾರ ಬಿಟ್ಟರೂ ಮಾರ್ಕ್ಸ್ ಹೋಗಬಾರದು.

ಹಳೇ_ಪ್ರಶ್ನೆಪತ್ರಿಕೆ

ಅದು ಒಪ್ಪುವ ಮಾತು. ವಾರ ಬಿಟ್ಟವರು ಕಾರಣ ಪತ್ರ ಬರೆಯುವುದು, ನಾವು ಓದುವುದು, ಎರಡೂ ತಪ್ಪುತ್ತದೆ.

ಶನಿವಾರದ_ಲೆಕ್ಚರರ್

ಎಲ್ಲ ಓದಿ ಜಿಎಸ್‌ಟಿಗೆ ಒಂದು ಅಸೈನ್‌ಮೆಂಟ್ ಬರೆದಿದ್ದೇನೆ. ತಿದ್ದಿ ಕೊಡಿ.

ಯಾಕೆ: ತೆರಿಗೆ ಸೇರಿದ ಬೆಲೆಯಿಂದ ತೆರಿಗೆಯನ್ನು ಬೇರೆ ಮಾಡಲು ಬರಬೇಕು. ಅಂಗಡಿಯಲ್ಲಿ, ಅಕೌಂಟ್ಸ್ ಕೆಲಸದಲ್ಲಿ ದಿನಾ ಬೇಕಾಗುವ ಲೆಕ್ಕ ಇದು.

ಏನು: 2025ರ ಸೆಪ್ಟೆಂಬರ್ 22ರಿಂದ ಸೋಪು, ಶಾಂಪೂ, ಟೂತ್‌ಪೇಸ್ಟ್, ಬಿಸ್ಕತ್ತು 18ರಿಂದ 5 ಪರ್ಸೆಂಟಿಗೆ, ತುಪ್ಪ, ಬೆಣ್ಣೆ 12ರಿಂದ 5ಕ್ಕೆ ಇಳಿದಿವೆ. ನಿಮ್ಮ ಮನೆಯ ಅಥವಾ ನೀವು ಕೆಲಸ ಮಾಡುವ ಅಂಗಡಿಯ ಎರಡು ವಸ್ತು ಆರಿಸಿ. ಹಳೇ ಬೆಲೆಯಿಂದ ಮೂಲ ಬೆಲೆ ತೆಗೆದು, ಹೊಸ ದರದಲ್ಲಿ ಎಷ್ಟಾಗಬೇಕು ಅಂತ ಲೆಕ್ಕ ಹಾಕಿ. ಈಗ ಅಂಗಡಿಯಲ್ಲಿ ಎಷ್ಟಿದೆ ನೋಡಿ. ವ್ಯತ್ಯಾಸ ಇದ್ದರೆ ಯಾಕಿರಬಹುದು ಅಂತ ಅಂಗಡಿಯವರನ್ನು ಕೇಳಿ, ಐದಾರು ಸಾಲು ಬರೆಯಿರಿ ಅಥವಾ ಎರಡು ನಿಮಿಷ ಮಾತಾಡಿ ಕಳಿಸಿ.

ಹೇಗಿದ್ದರೆ ಚೆನ್ನ: ಬೆಲೆಗಳಿಗೆ 2 ಅಂಕ, ಲೆಕ್ಕದ ದಾರಿಗೆ 4, ಕಾರಣಕ್ಕೆ 4. ಗಡುವು ಬುಧವಾರ ರಾತ್ರಿ.

ಸಾಗರದ_ಮೇಷ್ಟ್ರು

ಚೆನ್ನಾಗಿದೆ ಸರ್. ಹೆಚ್ಚಿನವರು ಎಲ್ಲಿ ಎಡವುತ್ತಾರೆ ಅಂತ ಈಗಲೇ ಹೇಳಬಹುದು. 59 ರೂಪಾಯಿಯ ವಸ್ತುವಿಗೆ 18ರಲ್ಲಿ 5 ಕಳೆದು, 13 ಪರ್ಸೆಂಟ್ ಇಳಿಸಿ 51.33 ಅನ್ನುತ್ತಾರೆ. ಸರಿಯಾದದ್ದು 59 ಅನ್ನು 1.18ರಿಂದ ಭಾಗಿಸಿ 50, ಅದಕ್ಕೆ 5 ಪರ್ಸೆಂಟ್ ಸೇರಿಸಿ 52.50. ಈ ಎರಡು ಉತ್ತರವನ್ನೂ ಫೋರಮ್ಮಿನಲ್ಲಿ ಪಕ್ಕಪಕ್ಕ ಇಡಿ. ಅವರೇ ಜಗಳ ಮಾಡಿ ಸರಿ ಮಾಡಿಕೊಳ್ಳಲಿ.

ತೆರೆ_ಓದುಗ

ಮಾತಾಡಿ ಕಳಿಸಬಹುದು ಅಂತ ಹಾಕಿದ್ದಕ್ಕೆ ಧನ್ಯವಾದ ಸರ್. ಬಿಲ್ಲಿನ ಫೋಟೋ ಕಡ್ಡಾಯ ಮಾಡಬೇಡಿ. ಹಾಕಿದವರು ಸಂಖ್ಯೆಗಳನ್ನು ಟೈಪ್ ಕೂಡ ಮಾಡಲಿ, ಆಗ ನನ್ನಂಥವರೂ ಬೇರೆಯವರ ಲೆಕ್ಕ ನೋಡಬಹುದು.

ಹಳೇ_ಪ್ರಶ್ನೆಪತ್ರಿಕೆ

ಒಂದು ಸೇರಿಸಿ. ಇದೇ ಲೆಕ್ಕವನ್ನು ಐದು ಅಂಕದ ಪ್ರಶ್ನೆಯ ಮಾದರಿಯಲ್ಲಿ ಕ್ಲಾಸಿನಲ್ಲಿ ಒಮ್ಮೆ ಬರೆಸಿ. ಆಗ ನನ್ನ ತಕರಾರು ಇಲ್ಲ.

ಶನಿವಾರದ_ಲೆಕ್ಚರರ್

ಖಂಡಿತ ಸರ್. ಮುಂದಿನ ಶನಿವಾರದ ಮೊದಲ ಹತ್ತು ನಿಮಿಷ ಅದಕ್ಕೇ.

ರಾತ್ರಿ_ಪಾಳಿ

ಸರ್, ನಾನು ನಿಮ್ಮ ಸ್ಟೂಡೆಂಟ್ ಅಲ್ಲ, ಆದರೂ ಇದನ್ನು ಮಾಡಬೇಕು ಅನ್ನಿಸುತ್ತಿದೆ. ನಮ್ಮ ಅಂಗಡಿಯ ಔಷಧಿ ತೆಗೆದುಕೊಳ್ಳಬಹುದಾ? ಹಳೇ ಬಿಲ್ಲುಗಳೆಲ್ಲ ಸಿಸ್ಟಮ್ಮಿನಲ್ಲಿವೆ.

ಶನಿವಾರದ_ಲೆಕ್ಚರರ್

ಧಾರಾಳವಾಗಿ ತೆಗೆದುಕೊಳ್ಳಿ. ಔಷಧಿಗಳಲ್ಲಿ ಹೆಚ್ಚಿನವು ಅದೇ ದಿನ 12ರಿಂದ 5ಕ್ಕೆ ಬಂದಿವೆ. ಹಾಗಾಗಿ 1.18 ಅಲ್ಲ, 1.12ರಿಂದ ಭಾಗಿಸಬೇಕು. ಕೆಲವು ಜೀವರಕ್ಷಕ ಔಷಧಿಗಳಿಗೆ ತೆರಿಗೆ ಪೂರ್ತಿ ಹೋಗಿದೆ, ಅಂಥದ್ದೊಂದು ಸಿಕ್ಕರೆ ಅದನ್ನೂ ಸೇರಿಸಿ. ಮೊದಲು ಅಂಗಡಿ ಮಾಲೀಕರ ಒಪ್ಪಿಗೆ ಕೇಳಿ. ಬಿಲ್ಲಿನಲ್ಲಿ ರೋಗಿಯ ಹೆಸರು, ಡಾಕ್ಟರ ಹೆಸರು, ಫೋನ್ ನಂಬರ್ ಯಾವುದೂ ಬರಬಾರದು. ಲೆಕ್ಕ ಆದ ಮೇಲೆ ಇಲ್ಲೇ ಹಾಕಿ, ನಮ್ಮ ಕ್ಲಾಸಿನವರಿಗೂ ತೋರಿಸುತ್ತೇನೆ.